ಐರ್ಲೆಂಡಿನ ಹಳ್ಳಿಗಳಿಗೆ ಡಾಕ್ಟರು ಏಕೆ ಸಿಗುವುದಿಲ್ಲ?



ಸಮಾಜ ವಿಜ್ಞಾನದ ಪಾಠದಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ದೇಶ ಹಂಚಿದ್ದರು. ಆ ದೇಶದ ಹಳ್ಳಿಯ ಜನರ ಒಂದು ಕಷ್ಟದ ಬಗ್ಗೆ ಓದಿ ಬರೆಯಬೇಕಿತ್ತು. ನನಗೆ ಬಂದದ್ದು ಐರ್ಲೆಂಡ್. ಶ್ರೀಮಂತ ದೇಶ, ಅಲ್ಲಿ ಹಳ್ಳಿಗೊಬ್ಬ ಡಾಕ್ಟ್ರು ಇದ್ದೇ ಇರ್ತಾರೆ ಅಂತ ನಾನು ತಿಳಿದಿದ್ದೆ. ಓದಿದ ಮೇಲೆ ಹಾಗಿಲ್ಲ ಅಂತ ಗೊತ್ತಾಯಿತು.

ದೇಶದ ಪರಿಚಯ

ಭೂಪಟದಲ್ಲಿ ಇಂಗ್ಲೆಂಡಿನ ಎಡಗಡೆಗೆ ಒಂದು ದ್ವೀಪ ಕಾಣುತ್ತದೆ. ಅದರ ಈಶಾನ್ಯದ ಮೂಲೆ ಬ್ರಿಟನ್ನಿಗೆ ಸೇರಿದೆ. ಉಳಿದದ್ದು ಸ್ವತಂತ್ರ ದೇಶ ಐರ್ಲೆಂಡ್. 2022ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಸುಮಾರು 51 ಲಕ್ಷ. ರಾಜಧಾನಿ ಡಬ್ಲಿನ್ ಪೂರ್ವದ ಕಡಲ ತೀರದಲ್ಲಿದೆ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ದಡದಲ್ಲಿ ಮೇಯೋ, ಗಾಲ್ವೇ, ಕ್ಲೇರ್, ಕೆರಿ ಮುಂತಾದ ಜಿಲ್ಲೆಗಳಿವೆ. ಅಲ್ಲಿ ಮನೆಗಳು ದೂರ ದೂರ, ನಮ್ಮ ಕಡೆಯ ತೋಟದ ಮನೆಗಳ ಹಾಗೆ. ಬಸ್ಸೂ ಕಡಿಮೆ.

ಜಿ.ಪಿ. ಅಂದರೆ ಯಾರು?

ಅಲ್ಲಿ ಕಾಯಿಲೆ ಬಿದ್ದವರು ಮೊದಲು ಹೋಗುವುದು ಊರ ಡಾಕ್ಟರ ಹತ್ತಿರ. ಅವರಿಗೆ ಜಿ.ಪಿ. ಎನ್ನುತ್ತಾರೆ. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ, ಮಕ್ಕಳ ಚುಚ್ಚುಮದ್ದು ಎಲ್ಲವೂ ಅವರದೇ. ದೊಡ್ಡಾಸ್ಪತ್ರೆಯ ತಜ್ಞರನ್ನು ನೋಡಬೇಕಾದರೂ ಸಾಮಾನ್ಯವಾಗಿ ಜಿ.ಪಿ. ಬರೆದುಕೊಟ್ಟ ಪತ್ರ ಬೇಕು. ಆದ್ದರಿಂದ ಜಿ.ಪಿ. ಇಲ್ಲದಿದ್ದರೆ ಆಸ್ಪತ್ರೆಯ ಬಾಗಿಲಲ್ಲೇ ನಿಂತ ಹಾಗೆ.

ಹೆಚ್ಚಿನ ಜಿ.ಪಿ.ಗಳು ಸಂಬಳದ ನೌಕರರಲ್ಲ. ದವಾಖಾನೆ ಅವರದೇ, ಸರ್ಕಾರದ ಜೊತೆ ಕರಾರು ಇರುತ್ತದೆ. ಆದಾಯ ಕಡಿಮೆ ಇರುವವರಿಗೆ ಸರ್ಕಾರ ವೈದ್ಯಕೀಯ ಕಾರ್ಡು ಕೊಡುತ್ತದೆ, ಅವರು ಡಾಕ್ಟರಿಗೆ ಹಣ ಕೊಡಬೇಕಾಗಿಲ್ಲ. 8 ವರ್ಷದೊಳಗಿನ ಮಕ್ಕಳಿಗೂ 70 ದಾಟಿದವರಿಗೂ ಡಾಕ್ಟರ ಭೇಟಿ ಉಚಿತ. ಕಾರ್ಡು ಇಲ್ಲದ ಉಳಿದವರು ಪ್ರತಿ ಸಲವೂ ಫೀಸು ಕೊಡಬೇಕು.

ಹಿಂದಿನ ಕಾಲ

1845ರಿಂದ ಅಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ದೊಡ್ಡ ಬರಗಾಲವಾಯಿತು. ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆಮೇಲೆ 1851ರ ಕಾನೂನಿನಂತೆ ದೇಶವನ್ನು ವಿಭಾಗ ಮಾಡಿ, ಬಡವರಿಗಾಗಿ ಔಷಧಾಲಯ ಮತ್ತು ಡಾಕ್ಟರನ್ನು ಇಟ್ಟರು. ಆದರೆ ಬಡವರು ಮೊದಲು ಚೀಟಿ ಪಡೆಯಬೇಕಿತ್ತು. ಡಾಕ್ಟರು ಮನೆಗೇ ಬರಬೇಕಾದರೆ ಕೆಂಪು ಚೀಟಿ. ಹಣವಂತರು ಡಾಕ್ಟರ ಸ್ವಂತ ಕೋಣೆಗೆ ಹೋಗುತ್ತಿದ್ದರು, ಬಡವರು ಔಷಧಾಲಯಕ್ಕೆ. 1972ರಲ್ಲಿ ಈ ಪದ್ಧತಿ ಹೋಯಿತು. ಕಾರ್ಡು ಇದ್ದವರೂ ತಮಗೆ ಬೇಕಾದ ಡಾಕ್ಟರನ್ನು ಆರಿಸಿಕೊಳ್ಳಬಹುದಾಯಿತು. ಹಾಗಾದರೆ ತೊಂದರೆ ಎಲ್ಲಿ? ಆರಿಸಿಕೊಳ್ಳಲು ಡಾಕ್ಟರೇ ಇಲ್ಲದಿದ್ದರೆ?

ಒಂದು ಲೆಕ್ಕ

ಕಾರ್ಡು ಇದ್ದವರಿಗಾಗಿ ಸರ್ಕಾರ ಡಾಕ್ಟರಿಗೆ ವರ್ಷಕ್ಕೆ ತಲೆಗೆ ಇಷ್ಟು ಅಂತ ಕೊಡುತ್ತದೆ. ಲೆಕ್ಕ ತಿಳಿಯಲಿ ಅಂತ ತಲೆಗೆ 100 ಎಂದು ಇಟ್ಟುಕೊಳ್ಳಿ.

ಪೇಟೆಯ ಡಾಕ್ಟರಿಗೆ 1,000 ಜನ: 1,00,000
ಹಳ್ಳಿಯ ಡಾಕ್ಟರಿಗೆ 400 ಜನ: 40,000
ಕಟ್ಟಡ, ನರ್ಸು, ಕರೆಂಟು ಖರ್ಚು ಇಬ್ಬರಿಗೂ 30,000.
ಉಳಿಯುವುದು: ಪೇಟೆಯಲ್ಲಿ 70,000, ಹಳ್ಳಿಯಲ್ಲಿ 10,000.

ನೋಡಿ, ಜನ ಎರಡೂವರೆ ಪಟ್ಟು ಹೆಚ್ಚು, ಆದರೆ ಉಳಿಯುವ ಹಣ ಏಳು ಪಟ್ಟು ಹೆಚ್ಚು! ಹಳ್ಳಿಯವರಿಗೆ ಮನೆಯಿಂದ ಮನೆಗೆ ಹೋಗುವ ದೂರವೂ ಜಾಸ್ತಿ. ಒಬ್ಬರೇ ಇದ್ದರೆ ರಜೆ ಹಾಕುವುದಕ್ಕೂ ಆಗುವುದಿಲ್ಲ, ಬದಲಿ ಡಾಕ್ಟರು ಸಿಗೋದು ಕಷ್ಟ. ಸಾಲದ್ದಕ್ಕೆ 2009ರಿಂದ ದೇಶಕ್ಕೆ ಹಣದ ಮುಗ್ಗಟ್ಟು ಬಂದಾಗ ಸರ್ಕಾರ ಡಾಕ್ಟರಿಗೆ ಕೊಡುವ ಹಣವನ್ನೂ ಹಲವು ಸಲ ಕಡಿತ ಮಾಡಿತು. ಅಲ್ಲೇ ಓದಿದ ಎಷ್ಟೋ ಹೊಸ ಡಾಕ್ಟರುಗಳು ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. ವಯಸ್ಸಾದ ಡಾಕ್ಟರು ನಿವೃತ್ತರಾದರೆ ಆ ಜಾಗ ಖಾಲಿ ಉಳಿಯುತ್ತದೆ.

ಚುನಾವಣೆಗೆ ನಿಂತ ಡಾಕ್ಟರು

ಕ್ಲೇರ್ ಜಿಲ್ಲೆಯಲ್ಲಿ ಕಿಲ್ಮಿಹಿಲ್ ಎಂಬ ಹಳ್ಳಿ ಇದೆ. ಅಲ್ಲಿಯ ಡಾಕ್ಟರು ಮೈಕಲ್ ಹಾರ್ಟಿ. ಅವರು 2016ರ ಚುನಾವಣೆಗೆ ಯಾವ ಪಕ್ಷವೂ ಇಲ್ಲದೆ ನಿಂತರು. ಅವರ ಘೋಷಣೆ: "ಡಾಕ್ಟರಿಲ್ಲದಿದ್ದರೆ ಹಳ್ಳಿಯೂ ಇಲ್ಲ." ಜನ ಅವರನ್ನು ಗೆಲ್ಲಿಸಿ, ಡಾಲ್ ಎಂಬ ಅಲ್ಲಿಯ ಲೋಕಸಭೆಗೆ ಕಳಿಸಿದರು. 2020ರ ತನಕ ಅವರು ಸದಸ್ಯರಾಗಿದ್ದರು, ಸಂಸತ್ತಿನ ಆರೋಗ್ಯ ಸಮಿತಿಗೆ ಅಧ್ಯಕ್ಷರೂ ಆದರು.

ಈ ಘೋಷಣೆ ನನಗೆ ಮೊದಲು ಅರ್ಥವಾಗಲಿಲ್ಲ. ಡಾಕ್ಟ್ರು ಹೋದರೆ ಊರು ಹ್ಯಾಗೆ ಹೋಗ್ತದೆ ಅಂತ ಮೇಷ್ಟ್ರನ್ನು ಕೇಳಿದೆ. ಅವರು, "ಒಂದೊಂದಾಗಿ ಬರೆದು ನೋಡು" ಅಂದರು. ಬರೆದೆ. ಡಾಕ್ಟರು ಹೋದರೆ ಔಷಧಿ ಚೀಟಿ ಬರೆಯುವವರಿಲ್ಲ. ಚೀಟಿ ಇಲ್ಲದಿದ್ದರೆ ಔಷಧಿ ಅಂಗಡಿ ನಡೆಯುವುದಿಲ್ಲ. ಕಾರು ಓಡಿಸಲಾರದ ಮುದುಕರು ಪೇಟೆಗೆ ಹೋಗಿ ನೆಲೆಸಬೇಕು. ಚಿಕ್ಕ ಮಕ್ಕಳಿರುವವರು ಅಲ್ಲಿ ಮನೆ ಮಾಡಲು ಹೆದರುತ್ತಾರೆ. ಮಕ್ಕಳಿಲ್ಲದಿದ್ದರೆ ಶಾಲೆಯೂ ಇಲ್ಲ. ಆಗ ಗೊತ್ತಾಯಿತು.

ಏನೇನು ಮಾಡಿದ್ದಾರೆ?

1. ರಾತ್ರಿ ಹೊತ್ತಿಗೆ ಡಾಕ್ಟರುಗಳು ಸೇರಿ ಸರದಿ ಮಾಡಿಕೊಂಡರು. 1999ರಲ್ಲಿ ಕಾರ್ಲೋ ಎಂಬಲ್ಲಿ ಕೇರ್‌ಡಾಕ್ ಶುರುವಾಯಿತು.
2. ಹಳ್ಳಿಯ ಡಾಕ್ಟರಿಗೆ ಕೊಡುವ ವಿಶೇಷ ಭತ್ಯೆಯನ್ನು 2016ರಲ್ಲಿ ವರ್ಷಕ್ಕೆ 20,000 ಯೂರೋಗೆ ಏರಿಸಿದರು.
3. ಅರಾನ್ ದ್ವೀಪಗಳಲ್ಲಿ ಜೋರು ಕಾಯಿಲೆಯಾದರೆ ರಕ್ಷಣಾ ದೋಣಿ ಅಥವಾ ಹೆಲಿಕಾಪ್ಟರಿನಲ್ಲಿ ಗಾಲ್ವೇಗೆ ಸಾಗಿಸುತ್ತಾರೆ.
4. 2023ರಲ್ಲಿ ಯೂರೋಪು ಒಕ್ಕೂಟದ ಹೊರಗಿನ ದೇಶಗಳ ಡಾಕ್ಟರನ್ನು ಹಳ್ಳಿಗಳಿಗೆ ಕರೆಸುವ ಯೋಜನೆ ಬಂತು. ಅವರು ಎರಡು ವರ್ಷ ಅಲ್ಲಿಯ ಜಿ.ಪಿ. ಜೊತೆ ಕೆಲಸ ಮಾಡುತ್ತಾರೆ.

ನನ್ನ ಅನಿಸಿಕೆ

ನಾಲ್ಕನೆಯದನ್ನು ಬರೆಯುವಾಗ ಒಂದು ಪ್ರಶ್ನೆ ಬಂತು. ಅಲ್ಲಿಗೆ ಹೋಗುವ ಡಾಕ್ಟರು ಯಾವ ಊರಿಂದ ಹೋಗ್ತಾರೆ? ಆ ಊರಿನವರು ಯಾರ ಹತ್ತಿರ ಹೋಗಬೇಕು? ನಮ್ಮ ದೇಶದ ನರ್ಸುಗಳು, ಅದರಲ್ಲೂ ಕೇರಳದವರು, ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಬಹಳ ಜನ ಇದ್ದಾರೆ. ಒಂದು ಕಡೆಯ ಗುಂಡಿ ಮುಚ್ಚಲು ಇನ್ನೊಂದು ಕಡೆ ಅಗೆದ ಹಾಗೆ ಆಗಬಾರದು ಅಲ್ವಾ? ಹಳ್ಳಿಯಲ್ಲೇ ಇರುವ ಡಾಕ್ಟರಿಗೆ ರಜೆ, ಜೊತೆಗಾರರು, ಸಾಕಷ್ಟು ಆದಾಯ ಸಿಕ್ಕರೆ ಅವರೂ ನಿಲ್ಲುತ್ತಾರೆ, ಊರೂ ನಿಲ್ಲುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪ್ರಶ್ನೆಗಳು (ಉತ್ತರ ಬರೆದು ಇದರ ಕೆಳಗೆ ಅಂಟಿಸಿ)
1. ಕೆಂಪು ಚೀಟಿ ಯಾತಕ್ಕೆ ಬೇಕಾಗುತ್ತಿತ್ತು?
2. ಹಳ್ಳಿಯ ಡಾಕ್ಟರಿಗೆ 600 ಜನ ಇದ್ದರೆ ಮೇಲಿನ ಲೆಕ್ಕದಲ್ಲಿ ಎಷ್ಟು ಉಳಿಯುತ್ತದೆ?
3. ಡಾಕ್ಟರ ಬದಲು ಶಾಲೆಯೇ ಮೊದಲು ಮುಚ್ಚಿದರೆ ಊರಿಗೆ ಏನಾಗುತ್ತದೆ? ಒಂದೊಂದಾಗಿ ಬರೆದು ನೋಡಿ.

— ಏಳನೇ ತರಗತಿ