ಪ್ಲಾಸ್ಟಿಕ್ ಒಳಗೆ ಎಲೆಕ್ಟ್ರಾನ್ ಎಷ್ಟು ಆಳ ಹೋದೀತು?

ಪ್ರಶ್ನೆ: ವಿಮಾನಪುರದ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕಟ್ಟುವ ಉಪಗ್ರಹಗಳಿಗೆ ಬಾಹ್ಯಾಕಾಶದ ಎಲೆಕ್ಟ್ರಾನ್‌ಗಳ ಕಾಟವಂತೆ. ಅವು ಪ್ಲಾಸ್ಟಿಕ್ಕಿಗೂ ನುಗ್ಗುತ್ತವೆಯೇ? ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹರಿಯುವುದಿಲ್ಲವಲ್ಲ?
– ಓದುಗರೊಬ್ಬರು, ಹಲಸೂರು

ಉತ್ತರ: ಹರಿಯುವುದಿಲ್ಲ ನಿಜ, ಆದರೆ ನುಗ್ಗುತ್ತವೆ. ವೇಗದ ಎಲೆಕ್ಟ್ರಾನಿಗೆ ಲೋಹವೂ ಒಂದೇ, ಅವಾಹಕವೂ ಒಂದೇ. ಎದುರಾದ ಪರಮಾಣುಗಳ ಎಲೆಕ್ಟ್ರಾನ್‌ಗಳನ್ನು ತಳ್ಳುತ್ತ, ಪ್ರತಿ ಸಲವೂ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತ ಸಾಗುತ್ತದೆ. ಆಳ ನಿರ್ಧಾರವಾಗುವುದು ಮುಖ್ಯವಾಗಿ ಅದರ ಶಕ್ತಿ ಮತ್ತು ವಸ್ತುವಿನ ಸಾಂದ್ರತೆಯಿಂದ. 10 ಸಾವಿರ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯದು ಅಕ್ರಿಲಿಕ್‌ನಲ್ಲಿ ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟೇ ಹೋಗುತ್ತದೆ. 10 ಲಕ್ಷದ್ದು ಹೆಚ್ಚೆಂದರೆ 4 ಮಿ.ಮೀ., ಅಲ್ಯೂಮಿನಿಯಂನಲ್ಲಾದರೆ 2 ಮಿ.ಮೀ. ಹಗುರ ಕಣವಾದ್ದರಿಂದ ದಾರಿ ಅಂಕುಡೊಂಕು. ಬಹುಪಾಲು ಅದಕ್ಕೂ ಮೊದಲೇ ನಿಲ್ಲುತ್ತವೆ.

ತೊಂದರೆ ಶುರುವಾಗುವುದೇ ನಿಂತ ಮೇಲೆ. ಲೋಹದಲ್ಲಿ ನಿಂತದ್ದು ಹರಿದುಹೋಗುತ್ತದೆ. ಅವಾಹಕದಲ್ಲಿ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲೇ ಕೂರುತ್ತದೆ. ಕಣವೇಗವರ್ಧಕದ ಕೆಳಗಿಟ್ಟು ತೆಗೆದ ಅಕ್ರಿಲಿಕ್ ತುಂಡು ನೋಡಲು ಗಾಜಿನಂತೆ ತಿಳಿಯಾಗಿರುತ್ತದೆ. ಅಂಚಿಗೆ ಮೊಳೆಯಿಟ್ಟು ತಟ್ಟಿದರೆ ಫಳಕ್ಕನೆ ಮಿಂಚಿ, ಕವಲೊಡೆದ ಮರದಂಥ ಬಿರುಕು ಒಳಗೆ ಉಳಿಯುತ್ತದೆ. ಆ ಮರ ಹರಡುವುದು ಒಂದೇ ಮಟ್ಟದಲ್ಲಿ: ಎಲೆಕ್ಟ್ರಾನ್‌ಗಳು ನಿಂತ ಆಳದಲ್ಲಿ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ.

36 ಸಾವಿರ ಕಿ.ಮೀ. ಎತ್ತರದ ಇನ್ಸಾಟ್, ಜಿಸ್ಯಾಟ್‌ಗಳಿರುವುದು ಭೂಮಿಯ ಹೊರ ವಿಕಿರಣ ಪಟ್ಟಿಯಲ್ಲಿ. ಸೌರಮಾರುತ ಬಿರುಸಾದಾಗ ಅಲ್ಲಿ 20 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಮೀರಿದವು ಹೆಚ್ಚುತ್ತವೆ. ಹೊರಗೋಡೆ ದಾಟಿ ಕೇಬಲ್ಲಿನ ಟೆಫ್ಲಾನ್, ಸರ್ಕ್ಯೂಟ್ ಬೋರ್ಡುಗಳಲ್ಲಿ ತುಂಬಿಕೊಳ್ಳುತ್ತವೆ. ಹತ್ತು ಗಂಟೆಯಲ್ಲಿ ಚದರ ಸೆಂಟಿಮೀಟರಿಗೆ ಸಾವಿರ ಕೋಟಿ ಎಲೆಕ್ಟ್ರಾನ್ ಸೇರಿದರೆ ಕಿಡಿಯ ಅಪಾಯವೆಂಬುದು ಎಂಜಿನಿಯರುಗಳ ಲೆಕ್ಕ. 1994ರ ಜನವರಿ 20–21ರಂದು ಕೆನಡಾದ ಎರಡು ಅನಿಕ್ ಉಪಗ್ರಹಗಳು ದಿಕ್ಕು ತಪ್ಪಿದ್ದಕ್ಕೆ ಇಂಥ ಕಿಡಿಗಳನ್ನೇ ಕಾರಣವೆನ್ನುತ್ತಾರೆ. ಒಂದು ಕೆಲವೇ ಗಂಟೆಗಳಲ್ಲಿ ಸುಧಾರಿಸಿತು, ಇನ್ನೊಂದಕ್ಕೆ ತಿಂಗಳುಗಳೇ ಬೇಕಾದವು.

ಗೋಡೆ ದಪ್ಪ ಮಾಡಬಹುದು, ಆದರೆ ಚದರ ಮೀಟರಿಗೆ 1 ಮಿ.ಮೀ. ಅಲ್ಯೂಮಿನಿಯಂ ಸೇರಿಸಿದರೆ 2.7 ಕಿಲೊ ತೂಕ ಏರುತ್ತದೆ. ಹಾಗಾಗಿ, ಸೇರಿದ ಎಲೆಕ್ಟ್ರಾನ್‌ಗಳು ಹರಿದುಹೋಗಲು ದಾರಿಯಾಗುವಂತೆ, ಬಳಕೆಯಿಲ್ಲದ ಒಂದು ತಂತಿಯನ್ನೂ ಬಿಡದೆ ಉಪಗ್ರಹದ ಚೌಕಟ್ಟಿಗೆ ಅರ್ಥಿಂಗ್ ಮಾಡುವುದೇ ಹೆಚ್ಚು ಜಾಣತನದ ದಾರಿ.