ಮಳೆ ಬಂದರೂ ಕೆರೆ ತುಂಬಲಿಲ್ಲ, ಏಕೆ?

ಪ್ರಶ್ನೆ: ಹಿಂದಿನ ವರ್ಷಗಳ ಸರಾಸರಿ ಮಳೆ ಹಿಡಿದು ನಮ್ಮ ಪಂಚಾಯಿತಿಯಲ್ಲಿ ನೀರಿನ ಆಯವ್ಯಯ ಬರೆದೆವು. ಮಳೆ ಸರಾಸರಿಯಷ್ಟೇ ಬಂತು, ಕೆರೆಗೆ ಮಾತ್ರ ಹನಿ ನೀರು ಬರಲಿಲ್ಲ. ಎಲ್ಲಿ ತಪ್ಪಿದೆವು?
– ಪಂಚಾಯಿತಿ ಸದಸ್ಯ, ಹಿರಿಯೂರು ತಾಲ್ಲೂಕು

ಉತ್ತರ: ಕೂಡಿದ್ದು ಸರಿಯಾಗಿಯೇ ಇದೆ, ಸರಾಸರಿಯನ್ನು ನಂಬಿದ್ದೇ ತಪ್ಪು. ಬಯಲುಸೀಮೆಯಲ್ಲಿ ಕೆರೆ ತುಂಬಿಸುವುದು ವರ್ಷದ ಮಳೆಯಲ್ಲ, ನಾಲ್ಕಾರು ದೊಡ್ಡ ಮಳೆ. ದಿನಕ್ಕೆ 10 ಮಿ.ಮೀ.ನಂತೆ ಆರು ದಿನ ಬಿಡುವುಕೊಟ್ಟು ಸುರಿದರೆ ಒಣಗಿದ ಹೊಲವೇ ಅಷ್ಟನ್ನೂ ಕುಡಿದುಬಿಡುತ್ತದೆ. ಅದೇ 60 ಮಿ.ಮೀ. ಒಂದೇ ರಾತ್ರಿ ಬಿದ್ದರೆ ಸಾಧಾರಣ ಕೆಂಪು ಮಣ್ಣಿನ ಜಲಾನಯನದಲ್ಲಿ ಸುಮಾರು 14 ಮಿ.ಮೀ. ಹರಿದು ಹಳ್ಳ ಸೇರಬಹುದು. ಒಂದು ಚದರ ಕಿಲೋಮೀಟರಿಗೆ ಅದು 1.4 ಕೋಟಿ ಲೀಟರ್. ಆದ್ದರಿಂದ ಲೆಕ್ಕವನ್ನು ದಿನದ ಮಳೆಯಿಂದ ಶುರುಮಾಡಿ. ತಿಂಗಳ ಮೊತ್ತವೂ ಸಾಲದು.

ಇದಕ್ಕೆ ಸಾಕ್ಷಿ ನಿಮ್ಮ ತಾಲ್ಲೂಕಿನಲ್ಲೇ ನಿಂತಿದೆ. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯದಲ್ಲಿ 30 ಟಿಎಂಸಿಯಷ್ಟು ನೀರು ನಿಲ್ಲುತ್ತದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಆ ಹೊತ್ತಿಗೆ ಭದ್ರಾ ನೀರೂ ಅಲ್ಲಿಗೆ ಸೇರುತ್ತಿತ್ತು, ಹಾಗಾಗಿ ಪೂರ್ತಿ ವೇದಾವತಿಯ ಖಾತೆಗೆ ಬರೆಯುವಂತಿಲ್ಲ. ಅಷ್ಟು ವರ್ಷಗಳ ಸರಾಸರಿ ಒಳಹರಿವು ತೆಗೆದರೆ ಒಂದು ಅಂಕಿ ಸಿಕ್ಕೀತು, ಅದನ್ನು ನಂಬಿ ಬಿತ್ತಿದವನಿಗೆ ಏನೂ ಸಿಗಲಿಕ್ಕಿಲ್ಲ. ಮೇಲ್ಭಾಗದ ಚೆಕ್‌ಡ್ಯಾಮು, ಕೃಷಿಹೊಂಡಗಳನ್ನೂ ಎಣಿಸಿದ್ದೀರಾ? ಮೊದಲ ಮಳೆ ಅವುಗಳ ಪಾಲು.

ಪ್ರಶ್ನೆ: ಹೊಸ ಬೋರಿನಲ್ಲಿ ಎರಡೂವರೆ ಇಂಚು ನೀರು ಬಿದ್ದಿದೆ. ಎರಡು ಎಕರೆ ಅಡಿಕೆ ಇಡಬಹುದೇ?
– ರೈತ, ಹೊಸದುರ್ಗ ತಾಲ್ಲೂಕು

ಉತ್ತರ: ಇಂಚು ಹೇಳುವುದು ಇವತ್ತು ನೀರು ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು. ಕೆಳಗೆ ಎಷ್ಟಿದೆ ಎಂಬುದು ಅದರಿಂದ ತಿಳಿಯದು. 500 ಮಿ.ಮೀ. ಮಳೆಯಾದರೆ ಒಂದು ಎಕರೆಗೆ ಬೀಳುವುದು ಸುಮಾರು 20 ಲಕ್ಷ ಲೀಟರ್. ಶಿಥಿಲ ಗ್ರಾನೈಟ್ ನೆಲದಲ್ಲಿ ಇಳಿದು ಅಂತರ್ಜಲ ಸೇರುವುದು ಹತ್ತರಲ್ಲಿ ಒಂದು ಪಾಲು ಎಂದುಕೊಳ್ಳಿ: 2 ಲಕ್ಷ ಲೀಟರ್. ಜೇಡಿ ಹೆಚ್ಚಿದ್ದರೆ ಇನ್ನೂ ಕಡಿಮೆ.

ಈಗ ಖರ್ಚು. ಎಕರೆಗೆ 550 ಗಿಡ, ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 18 ಲೀಟರ್, ಆರು ತಿಂಗಳು. ಸುಮಾರು 18 ಲಕ್ಷ ಲೀಟರ್ ಆಯಿತು. ಅಂದರೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯಲ್ಲಿ ಇಂಗಿದ ನೀರು ಬೇಕು. ಉಳಿದ ಎಂಟು ಎಕರೆ ಯಾರದು? ಪಕ್ಕದವರೂ ಬೋರು ಹಾಕಿದ್ದಾರೆ. ಕೆರೆಯ ಕೆಳಗಿನ ಜಮೀನಾದರೆ ಮಾತು ಸ್ವಲ್ಪ ಬೇರೆ. ಇಲ್ಲವಾದರೆ ನನ್ನ ಉತ್ತರ: ಬೇಡ. ರಾಗಿ, ಸಿರಿಧಾನ್ಯ ಬೆಳೆದು, ಬೋರನ್ನು ಮಳೆ ಕೈಕೊಟ್ಟಾಗ ಒಂದೆರಡು ತೇವ ಕೊಡಲು ಇಟ್ಟುಕೊಳ್ಳಿ.

ಪ್ರಶ್ನೆ: ಜಲಾನಯನದ ನೀರಿನ ಲೆಕ್ಕ ಹಾಕುವ ಸ್ವಾಟ್ (SWAT) ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದೇನೆ. ಫಲಿತಾಂಶವನ್ನು ನಂಬಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಉತ್ತರ: ನೀವು ಹೊಂದಿಸಿದ ವರ್ಷಗಳಿಗೆ ಅದು ತಾಳೆಯಾಗುವುದು ದೊಡ್ಡದಲ್ಲ. ಬೇರೆಯೇ ಆದ ಒಂದು ಬರಗಾಲದ ವರ್ಷ ಕೊಟ್ಟು ನೋಡಿ. ನಮ್ಮ ಹಳ್ಳಗಳು ವರ್ಷದ ಬಹುಕಾಲ ಒಣಗಿರುವುದರಿಂದ ಹರಿವಿನ ದಾಖಲೆ ಕಡಿಮೆ; ಕೆರೆಯ ಮಟ್ಟ ಮತ್ತು ಬಾವಿಯ ಮಟ್ಟದ ಮೇಲೆಯೇ ಒರೆಗೆ ಹಚ್ಚಬೇಕು. ಗಟ್ಟಿ ಶಿಲೆಯ ಈ ಸೀಮೆಯಲ್ಲಿ ಬಾವಿಯ ನೀರು ಒಂದು ಮೀಟರ್ ಏರಿದರೆ ಸೇರಿದ ನೀರು 20 ಮಿ.ಮೀ. ಆಸುಪಾಸು ಮಾತ್ರ ಎಂಬುದು ನೆನಪಿರಲಿ. ಕೆರೆಯಿಂದ ಆವಿಯಾಗುವುದನ್ನು ಬಿಟ್ಟರೆ ಮಾದರಿ ಬರೀ ಸುಳ್ಳು ಹೇಳುತ್ತದೆ.

ಮೂವರಲ್ಲೂ ಒಂದು ಕೋರಿಕೆ: ಮೇ ಕೊನೆಯಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮುಂಚೆ ಬಾವಿಯ ನೀರಿನ ಮಟ್ಟ ಅಳೆದು ದಿನಾಂಕದ ಜೊತೆ ಬರೆದಿಡಿ.