ಹೆಸರು ಮತ್ತು ಕೆಲಸ

ನಮ್ಮ ಊರಾದ ತಾಳಿಕೋಟೆಯ ಹೆಸರು ಇತಿಹಾಸದ ಪುಸ್ತಕಗಳಲ್ಲೆಲ್ಲ ಸೇರಿಹೋಗಿದೆ. 1565ರ ಜನವರಿ 23ರಂದು ವಿಜಯನಗರದ ಸೇನೆಗೂ ದಖ್ಖನಿನ ಸುಲ್ತಾನರ ಸೇನೆಗಳಿಗೂ ನಡೆದ ಕಾಳಗಕ್ಕೆ ‘ತಾಳಿಕೋಟೆಯ ಯುದ್ಧ’ವೆಂದೇ ಪ್ರಸಿದ್ಧಿ. ಇದನ್ನು ಓದಿದವರು ರಣರಂಗವನ್ನು ಊರಿನಲ್ಲಿಯೇ ಹುಡುಕಿಯಾರು. ಸುಲ್ತಾನರ ಸೇನೆಗಳು ಇಲ್ಲಿ ನೆರೆದುದು ನಿಜ. ಆದರೆ ಕಾಳಗ ನಡೆದುದು ಕೃಷ್ಣಾನದಿಯ ದಕ್ಷಿಣದ ಬಯಲಿನಲ್ಲಿ ಎಂಬುದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ. ಅದೇ ಯುದ್ಧಕ್ಕೆ ರಕ್ಕಸಗಿ-ತಂಗಡಗಿ ಯುದ್ಧವೆಂದೂ ಬನ್ನಿಹಟ್ಟಿ ಯುದ್ಧವೆಂದೂ ಹೆಸರುಗಳುಂಟು. ಹೆಸರನ್ನಷ್ಟೇ ನಂಬಿ ಹೊರಟವನು ದಾರಿ ತಪ್ಪುವುದು ಸಹಜ.

ಈ ಮಾತು ನನಗೆ ಮತ್ತೆ ನೆನಪಾದುದು ನನ್ನ ಮೊಮ್ಮಗಳಿಂದ. ಆಕೆ ಜಾಲತಾಣಗಳನ್ನು ರಚಿಸುವ ವಿದ್ಯೆಯನ್ನು ಕಲಿಯುತ್ತಿದ್ದಳು. ಒಂದು ಸಂಜೆ ಕಂಪ್ಯೂಟರನ್ನು ಮುಚ್ಚಿಟ್ಟು, “ಅಜ್ಜಾ, ಈ ವಿದ್ಯಾ ನನ್ನ ತಲಿಗೆ ಹತ್ತೂದಿಲ್ಲ” ಎಂದು ಕಣ್ಣು ತುಂಬಿಕೊಂಡಳು. ವಿಚಾರಿಸಿದಾಗ ತಿಳಿದುದೇನೆಂದರೆ, ಆಕೆಗೆ ತೊಡಕಾಗಿದ್ದುದು ಗಣಿತವೂ ಅಲ್ಲ, ತರ್ಕವೂ ಅಲ್ಲ, ಹೆಸರುಗಳು.

ಜಾಲತಾಣವನ್ನು ಪ್ರತಿಸಲವೂ ಮೊದಲಿನಿಂದ ಕಟ್ಟಬೇಕಾಗಿಲ್ಲ. ಅದಕ್ಕೆಂದು ಸಿದ್ಧವಾದ ಚೌಕಟ್ಟುಗಳಿವೆ. ಅವನ್ನು ‘ಫ್ರೇಮ್‌ವರ್ಕ್’ ಎನ್ನುತ್ತಾರೆ. ಪರೀಕ್ಷೆಯ ಫಲಿತಾಂಶ ತೋರಿಸುವ ತಾಣವೊಂದನ್ನು ಊಹಿಸಿಕೊಳ್ಳಿರಿ. ಅಂಕಗಳನ್ನು ಕಾಯ್ದಿಟ್ಟು ಒದಗಿಸುವ ಭಾಗ ‘ಮಾಡೆಲ್’. ನಿಮ್ಮ ಕೋರಿಕೆಯನ್ನು ಸ್ವೀಕರಿಸಿ, ತಕ್ಕ ಅಂಕಗಳನ್ನು ತರಿಸುವ ಭಾಗ ‘ಕಂಟ್ರೋಲರ್’. ಅವನ್ನು ಅಂದವಾಗಿ ಪುಟದ ಮೇಲೆ ತೋರಿಸುವ ಭಾಗ ‘ವ್ಯೂ’. ಈ ವಿಭಜನೆಯನ್ನು ಟ್ರಿಗ್ವೆ ರೀನ್ಸ್‌ಕೌಗ್ ಎಂಬ ನಾರ್ವೆಯ ವಿಜ್ಞಾನಿ 1979ರಲ್ಲಿ, ಜಾಲತಾಣಗಳು ಹುಟ್ಟುವ ಮೊದಲೇ, ರೂಪಿಸಿದನು.

ಇಲ್ಲಿಯವರೆಗೆ ಎಲ್ಲವೂ ಸರಳ. ಆದರೆ 2005ರಲ್ಲಿ ಪ್ರಕಟವಾದ ‘ಜ್ಯಾಂಗೊ’ ಎಂಬ ಚೌಕಟ್ಟಿನಲ್ಲಿ, ಇತರರು ಕಂಟ್ರೋಲರ್ ಎನ್ನುವ ಭಾಗದ ಬಹುಪಾಲು ಕೆಲಸವನ್ನು ಮಾಡುವುದರ ಹೆಸರೇ ‘ವ್ಯೂ’! ಪುಟದ ರೂಪವನ್ನು ನೋಡಿಕೊಳ್ಳುವುದು ‘ಟೆಂಪ್ಲೇಟ್’. ಯಾವ ಮಾಹಿತಿ ಕಾಣಬೇಕೆಂಬುದನ್ನು ನಿರ್ಧರಿಸುವುದೇ ವ್ಯೂ, ಅದು ಹೇಗೆ ಕಾಣಬೇಕೆಂಬುದು ಬೇರೆಯ ಮಾತು ಎಂಬುದು ಅದನ್ನು ರಚಿಸಿದವರ ವಾದ. ವಾದದಲ್ಲಿ ಹುರುಳಿದೆ. ಆದರೂ ಒಂದು ಚೌಕಟ್ಟನ್ನು ಕಲಿತು ಇನ್ನೊಂದಕ್ಕೆ ಬಂದವರು ತಬ್ಬಿಬ್ಬಾಗುತ್ತಾರೆ.

2004ರಲ್ಲಿ ಹೊರಬಂದ ‘ರೂಬಿ ಆನ್ ರೈಲ್ಸ್’ನ ತೊಡಕು ಇನ್ನೊಂದು ಬಗೆಯದು. ಅದರಲ್ಲಿ ಮಾಡೆಲ್‌ನ ಹೆಸರು ಇಂಗ್ಲಿಷಿನ ಏಕವಚನದಲ್ಲಿರಬೇಕು; ಮಾಹಿತಿ ತುಂಬಿದ ಕೋಷ್ಟಕದ ಹೆಸರು ಬಹುವಚನದಲ್ಲಿರಬೇಕು. ಮಾಡೆಲ್ ‘ಸ್ಟೂಡೆಂಟ್’ ಆದರೆ ಕೋಷ್ಟಕ ‘ಸ್ಟೂಡೆಂಟ್ಸ್’; ಮಾಡೆಲ್ ‘ಪರ್ಸನ್’ ಆದರೆ ಕೋಷ್ಟಕ ‘ಪೀಪಲ್’! ಈ ಪದ್ಧತಿಯನ್ನು ಪಾಲಿಸಿದರೆ ಎರಡರ ಸಂಬಂಧವನ್ನು ಚೌಕಟ್ಟು ತಾನೇ ಅರಿತುಕೊಳ್ಳುತ್ತದೆ. ಬೇರೆ ಸೂಚನೆ ಬರೆಯುವ ಶ್ರಮ ಉಳಿಯುತ್ತದೆ. ಆದರೆ ಪದ್ಧತಿಯನ್ನರಿಯದೆ ಒಂದಕ್ಷರ ತಪ್ಪಿದರೂ ಕೋಷ್ಟಕವೇ ಇಲ್ಲವೆಂದು ಯಂತ್ರ ದೂರುತ್ತದೆ. ‘ಹತ್ತು ಮರ ನೆಟ್ಟೆ’, ‘ಎರಡು ಪುಸ್ತಕ ಕೊಂಡೆ’ ಎಂದು ಬಹುವಚನದ ಹಂಗಿಲ್ಲದೆ ಮಾತನಾಡುವ ನಮ್ಮ ಮಕ್ಕಳು ಇಲ್ಲಿ ಎಡವಿದರೆ ಆಶ್ಚರ್ಯವೇನು?

‘ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆಗೆ ಗತಿಯಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಹೆಸರಿಗೂ ಅದು ಸೂಚಿಸುವ ವಸ್ತುವಿಗೂ ಇರುವ ನಂಟು ಜನರು ಮಾಡಿಕೊಂಡ ಒಪ್ಪಂದ. ಒಪ್ಪಂದ ತಿಳಿಯದಿರುವುದು ದಡ್ಡತನವಲ್ಲ. ಅದನ್ನು ಯಾರೂ ಇನ್ನೂ ನಮಗೆ ತಿಳಿಸಿಲ್ಲವೆಂದಷ್ಟೇ ಅದರ ಅರ್ಥ. ಇದನ್ನು ಅರಿಯದೆ, ತಮಗೆ ಬುದ್ಧಿ ಸಾಲದೆಂದು ಒಳ್ಳೆಯ ವಿದ್ಯೆಯೊಂದನ್ನು ಕೈಬಿಡುವುದು ದೊಡ್ಡ ನಷ್ಟ.

ನಾನು ಮೊಮ್ಮಗಳಿಗೆ ನೋಟುಪುಸ್ತಕದಲ್ಲಿ ಎರಡು ಸಾಲು ಮಾಡಿಕೊಳ್ಳಲು ಹೇಳಿದೆ. ಒಂದರಲ್ಲಿ ಹೆಸರು, ಅದರೆದುರು ಅದು ಮಾಡುವ ಕೆಲಸ. ಆಕೆ ಬರೆಯುತ್ತ ಹೋದಂತೆ, ಬೇರೆ ಬೇರೆ ಹೆಸರುಗಳ ಎದುರಿಗೆ ಒಂದೇ ಕೆಲಸ ಮತ್ತೆ ಮತ್ತೆ ಬರತೊಡಗಿತು. ಪುಟ ತುಂಬುವ ಹೊತ್ತಿಗೆ ಮುಖ ಅರಳಿತ್ತು. ಮುಚ್ಚಿಟ್ಟ ಕಂಪ್ಯೂಟರನ್ನು ತಾನಾಗಿಯೇ ತೆರೆದಳು.

ವಿದ್ಯಾರ್ಥಿಗಳೇ, ಹೊಸ ವಿದ್ಯೆಯ ಬಾಗಿಲಲ್ಲಿ ಹೆಸರುಗಳು ನಿಮ್ಮನ್ನು ಬೆದರಿಸಿದರೆ ಹಿಂದಿರುಗಬೇಡಿರಿ. ‘ಇದು ಮಾಡುವ ಕೆಲಸವೇನು?’ ಎಂದು ಕೇಳಿರಿ. ಮುಂದೆ ನೀವೇ ಹೆಸರಿಡುವ ಕಾಲ ಬಂದಾಗ, ನಿಮ್ಮ ಹಿಂದೆ ಬರುವ ಕಲಿಕೆಯವರನ್ನು ನೆನೆದು ಹೆಸರಿಡಿರಿ.